ಕಬ್ಬಿನ ಎಥೆನಾಲ್, ಹಳೆಯ ಗಾಡಿ: ತಪ್ಪು ಪಂಪಿನದೋ, ಕಾರ್ಬುರೇಟರಿನದೋ?

ಮಳೆಗಾಲ ಶುರುವಾಯಿತೆಂದರೆ ಅಕ್ಕಲಕೋಟ, ದಕ್ಷಿಣ ಸೋಲಾಪುರ, ಮಂಗಳವೇಢಾ ಮತ್ತು ಪಕ್ಕದ ಜತ್ತ ತಾಲೂಕಿನ ಗ್ಯಾರೇಜುಗಳ ಮುಂದೆ ಹಳೆಯ ಮೋಟರ್ ಸೈಕಲ್‌ಗಳ ಸಾಲು ಬೆಳೆಯುತ್ತದೆ. ದೂರು ಹೆಚ್ಚುಕಡಿಮೆ ಒಂದೇ. ಮುಂಜಾನೆ ಹತ್ತು ಕಿಕ್ ಹೊಡೆದರೂ ಗಾಡಿ ಚಾಲೂ ಆಗುವುದಿಲ್ಲ, ಆದರೂ ಊರ ಹೊರಗೆ ಹೋಗುವಷ್ಟರಲ್ಲಿ ಬಂದ್ ಬೀಳುತ್ತದೆ. ಪಂಢರಪುರಕ್ಕೋ ಗಾಣಗಾಪುರಕ್ಕೋ ಹೊರಟವರು ಅರ್ಧ ದಾರಿಯಲ್ಲಿ ಗಾಡಿ ತಳ್ಳುತ್ತಾರೆ. ಕಾರಣ ಕೇಳಿದರೆ ಕೆಲವರು ಪಂಪಿನವರು ನೀರು ಬೆರೆಸಿದ್ದಾರೆ ಎನ್ನುತ್ತಾರೆ. ಕೆಲವರು ಎಲ್ಲ ತಪ್ಪನ್ನೂ ಎಥೆನಾಲ್ ತಲೆಗೆ ಕಟ್ಟುತ್ತಾರೆ. ಗಡಿ ದಾಟಿ ಕರ್ನಾಟಕದಲ್ಲಿ ಪೆಟ್ರೋಲ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೂ ಇದೆ.

ಮೂರು ಮಾತಿನಲ್ಲೂ ಸ್ವಲ್ಪ ಸತ್ಯವಿದೆ, ಸ್ವಲ್ಪ ಗೊಂದಲವಿದೆ. ಗಡಿಯ ಎರಡೂ ಕಡೆ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆಸಿದ ಪೆಟ್ರೋಲೇ. ರಾಜ್ಯದ ತೆರಿಗೆಯಿಂದ ದರದಲ್ಲಿ ವ್ಯತ್ಯಾಸವಾಗಬಹುದು, ಎಣ್ಣೆಯಲ್ಲಿ ಆಗುವುದಿಲ್ಲ. ಹಾಗಾದರೆ ಹಳೆಯ ಗಾಡಿಗೆ ನಿಜವಾಗಿ ಏನಾಗುತ್ತಿದೆ? ಅದರ ಖರ್ಚು ಯಾರ ಜೇಬಿನಿಂದ ಹೋಗುತ್ತಿದೆ?

ಇಲ್ಲಿಯವರೆಗೆ ಆದದ್ದು

ಪೆಟ್ರೋಲಿಗೆ ಎಥೆನಾಲ್ ಬೆರೆಸುವುದು ಹೊಸದೇನಲ್ಲ. ಆದರೆ 2014ರ ಸುಮಾರಿಗೆ ಅದರ ಪ್ರಮಾಣ ಶೇ. 2ಕ್ಕಿಂತಲೂ ಕಡಿಮೆ ಇತ್ತು. 2022ರ ಜೂನ್‌ನಲ್ಲಿ ಶೇ. 10 ಮುಟ್ಟಿತು. 2018ರ ಜೈವಿಕ ಇಂಧನ ನೀತಿಯಲ್ಲಿ ಶೇ. 20ರ ಗುರಿಗೆ 2030ರವರೆಗೆ ಕಾಲಾವಕಾಶ ಇತ್ತು. 2022ರಲ್ಲಿ ಆ ಗಡುವನ್ನು 2025-26ಕ್ಕೆ ಹಿಂದಕ್ಕೆ ತರಲಾಯಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ-20 ಪೆಟ್ರೋಲಿನ ಉದ್ಘಾಟನೆ ಆಯಿತು. 2025ರಲ್ಲಿ ಶೇ. 20 ತಲುಪಿದ್ದೇವೆ ಎಂದು ಕೇಂದ್ರ ಸರಕಾರ ಘೋಷಿಸಿತು. ಎಥೆನಾಲ್ ಇಲ್ಲದ ಪೆಟ್ರೋಲನ್ನೂ ಮಾರಬೇಕೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು.

ಗಾಡಿಗಳ ಕಡೆ ನೋಡಿದರೆ ಲೆಕ್ಕ ಬೇರೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಹೊಸ ಮೋಟರ್ ಸೈಕಲ್‌ಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಇ-20 ಪೆಟ್ರೋಲನ್ನು ತಾಳಿಕೊಳ್ಳುವ ರಬ್ಬರ್, ಪ್ಲಾಸ್ಟಿಕ್ ಭಾಗಗಳು ಬಂದದ್ದು 2023ರ ಏಪ್ರಿಲ್‌ನಿಂದ ಈಚೆಗೆ ತಯಾರಾದ ಗಾಡಿಗಳಲ್ಲಿ. ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಗೊಬ್ಬರದ ಚೀಲ, ಶಾಲೆಯ ಮಕ್ಕಳನ್ನು ಹೊತ್ತು ಓಡುವ ಹತ್ತು ಹದಿನೈದು ವರ್ಷದ ಗಾಡಿಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅವು ತಯಾರಾದಾಗ ಇಂಥ ಪೆಟ್ರೋಲ್ ಇರಲಿಲ್ಲ.

ಕಾರ್ಬುರೇಟರಿಗೆ ಏನಾಗುತ್ತದೆ?

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲಿಗೆ 9 ಕಿಲೋ ಸಾಕು. ಶೇ. 20 ಬೆರೆತಾಗ ಅಗತ್ಯ ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ಗಾಳಿಗೆ ಮೊದಲಿಗಿಂತ ಹೆಚ್ಚು ಇಂಧನ ಕೊಡಬೇಕು. ಸೆನ್ಸರ್ ಇರುವ ಹೊಸ ಗಾಡಿ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಕಾರ್ಬುರೇಟರಿನ ಜೆಟ್ ಹಿತ್ತಾಳೆಯಲ್ಲಿ ಕೊರೆದ ಒಂದು ತೂತು. ಪೆಟ್ರೋಲ್ ಬದಲಾದರೂ ತೂತು ಬದಲಾಗುವುದಿಲ್ಲ. ಹೀಗಾಗಿ ಮಿಶ್ರಣ ತೆಳುವಾಗುತ್ತದೆ. ಮುಂಜಾನೆ ಚೋಕ್ ಹೆಚ್ಚು ಹೊತ್ತು ಬೇಕಾಗುವುದು, ಎಕ್ಸಲರೇಟರ್ ತಟ್ಟನೆ ತಿರುಗಿಸಿದರೆ ಇಂಜಿನ್ ತಡವರಿಸುವುದು, ಇಳಿಜಾರಿನಲ್ಲಿ ಸೈಲೆನ್ಸರ್ ಪಟಪಟ ಸಿಡಿಯುವುದು, ಪ್ಲಗ್ಗಿನ ತುದಿ ಬೆಳ್ಳಗಾಗುವುದು, ಇವೆಲ್ಲ ತೆಳು ಮಿಶ್ರಣದ ಲಕ್ಷಣಗಳು.

ಎರಡನೆಯದು ಎಥೆನಾಲಿನ ಕರಗಿಸುವ ಗುಣ. ಹಳೆಯ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಅಂಟಿ ಕೂತ ಕೊಳೆಯನ್ನು ಅದು ಬಿಡಿಸುತ್ತದೆ. ಬಿಟ್ಟ ಕೊಳೆ ನೇರ ಜೆಟ್ಟಿಗೆ ಬರುತ್ತದೆ. ಮೂರನೆಯದು ರಬ್ಬರ್. ಹಳೆಯ ಪೈಪು, ಓ-ರಿಂಗ್, ಫ್ಲೋಟ್ ಸೂಜಿಯ ತುದಿ ಉಬ್ಬುತ್ತವೆ ಇಲ್ಲವೇ ಬಿರುಕು ಬಿಡುತ್ತವೆ. ಹಳೆಯ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿ.ಮೀ. ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದೆ.

ಮೈಲೇಜಿನ ಲೆಕ್ಕ

ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ ಶಕ್ತಿ ಇದೆ. ಹಳೆಯ ದ್ವಿಚಕ್ರ ವಾಹನಗಳ ಮೈಲೇಜ್ ಶೇ. 3ರಿಂದ 4ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಲೀಟರಿಗೆ 60 ಕಿ.ಮೀ. ಕೊಡುವ ಗಾಡಿಯಲ್ಲಿ ಇದು ಎರಡು, ಎರಡೂವರೆ ಕಿಲೋಮೀಟರ್ ಆಯಿತು. ತಿಂಗಳಿಗೆ 15 ಲೀಟರ್ ಹಾಕಿಸುವವನಿಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು ನಷ್ಟ, ಎಂದರೆ ಸುಮಾರು 60 ರೂಪಾಯಿ.

ಈ ಲೆಕ್ಕವನ್ನು ನೆನಪಿಡಬೇಕು. 60 ಕೊಡುತ್ತಿದ್ದ ಗಾಡಿ 45ಕ್ಕೆ ಇಳಿದಿದ್ದರೆ ಅದು ಎಥೆನಾಲ್ ಒಂದರಿಂದಲೇ ಆದದ್ದಲ್ಲ. ಗಾಡಿಯಲ್ಲಿ ಬೇರೆ ದೋಷವಿದೆ. ಎಲ್ಲವನ್ನೂ ಎಥೆನಾಲ್ ಮೇಲೆ ಹಾಕಿ ಸುಮ್ಮನಾದರೆ ಆ ದೋಷ ಬೆಳೆಯುತ್ತಲೇ ಹೋಗುತ್ತದೆ.

ದೊಡ್ಡ ಶತ್ರು ನೀರು

ಎಥೆನಾಲಿಗೆ ನೀರೆಂದರೆ ಬಲು ಪ್ರೀತಿ. ಗಾಳಿಯ ತೇವವನ್ನೂ ಅದು ಹೀರಿಕೊಳ್ಳುತ್ತದೆ. ಸ್ವಲ್ಪ ನೀರು ಬಂದರೆ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಮಿತಿ ಮೀರಿದರೆ ನೀರು, ಎಥೆನಾಲ್ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಕಾರ್ಬುರೇಟರಿಗೆ ಎಣ್ಣೆ ಹೋಗುವುದು ಟ್ಯಾಂಕಿನ ತಳದಿಂದ. ಹಾಗಾಗಿ ಟ್ಯಾಂಕು ತುಂಬ ಪೆಟ್ರೋಲ್ ಇದ್ದರೂ ಗಾಡಿಗೆ ಸಿಗುವುದು ಮೊದಲು ಆ ತಳದ ನೀರೇ.

ನೀರು ಬರುವ ದಾರಿ ಹಲವು. ಪಂಪಿನ ನೆಲದಡಿಯ ಟ್ಯಾಂಕಿಗೆ ಮಳೆನೀರು ಇಳಿಯಬಹುದು. ಗಾಡಿಯ ಟ್ಯಾಂಕಿನ ಮುಚ್ಚಳದ ರಬ್ಬರ್ ಸವೆದಿದ್ದರೆ ಒಂದು ರಾತ್ರಿಯ ಮಳೆ ಸಾಕು. ಕಿರಾಣಿ ಅಂಗಡಿಯಲ್ಲಿ ಬಾಟಲಿಗೆ ತುಂಬಿ ಮಾರುವ ಪೆಟ್ರೋಲ್ ಇನ್ನೂ ಅಪಾಯ. ಅದು ಎಷ್ಟು ದಿನದ್ದು, ಅದರೊಳಗೆ ಏನು ಬೆರೆತಿದೆ ಎಂದು ಯಾರೂ ಹೇಳಲಾರರು. ಕಬ್ಬು ಕಡಿಯಲು ಕುಟುಂಬ ಸಮೇತ ಹೋಗುವವರು ಮನೆಯಲ್ಲಿ ಬಿಟ್ಟ ಗಾಡಿ ನಾಲ್ಕೈದು ತಿಂಗಳು ನಿಂತಿರುತ್ತದೆ. ಕಾರ್ಬುರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಒಣಗಿ ಅಂಟಾಗುತ್ತದೆ, ತೇವದಿಂದ ಒಳಗೆ ತುಕ್ಕು ಹಿಡಿಯುತ್ತದೆ.

ದೋಷ ಹುಡುಕುವ ಕ್ರಮ

ಗಾಡಿ ಕೆಟ್ಟೊಡನೆ ಸ್ಕ್ರೂ ತಿರುಗಿಸುವುದು ನಮ್ಮ ಕಡೆಯ ದೊಡ್ಡ ಚಾಳಿ. ಸ್ಕ್ರೂಗೆ ಕೈ ಹಚ್ಚುವುದು ಕಟ್ಟಕಡೆಗೆ. ಕ್ರಮ ಹೀಗಿರಲಿ. ಇಂಜಿನ್ ತಣ್ಣಗಿರಬೇಕು, ಹತ್ತಿರ ಬೀಡಿ, ಬೆಂಕಿ ಇರಕೂಡದು.

1. ಹತ್ತು ನಿಮಿಷ ಚೆನ್ನಾಗಿ ಓಡಿ ಬಂದ್ ಬಿದ್ದು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ ಆಗುತ್ತದೆಯೇ? ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ತೆರೆದ ಮೇಲೆ ಸರಿಹೋದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಖರ್ಚಿಲ್ಲದ ರಿಪೇರಿ ಇದು.

2. ಪೈಪು ಬಿಚ್ಚಿ ಪೆಟ್ರೋಲ್ ಕಾಕ್ ತೆರೆಯಿರಿ. ಧಾರೆ ಸಣ್ಣಗಿದ್ದರೆ ಕಾಕ್‌ನ ಜಾಳಿಗೆ ಅಥವಾ ಫಿಲ್ಟರ್ ಕಟ್ಟಿದೆ.

3. ಕಾರ್ಬುರೇಟರ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ, ಬಂದ ಎಣ್ಣೆಯನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ಐದು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ, ಗುಂಡುಗುಂಡಾದ ಹನಿ, ಕೆಂಪು ತುಕ್ಕು ಕಂಡರೆ ಕಾರಣ ಸಿಕ್ಕಿತು. ಆಗ ಟ್ಯಾಂಕನ್ನೂ ಪೂರ್ತಿ ಖಾಲಿ ಮಾಡಿ ತೊಳೆಯಬೇಕು. ಬಟ್ಟಲು ಮಾತ್ರ ತೊಳೆದರೆ ಮರುದಿನ ಅದೇ ಕಥೆ.

4. ಕೆಳಗಿನ ಸಣ್ಣ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಫ್ಲೋಟ್ ಸೂಜಿ ಉಬ್ಬಿದೆ ಅಥವಾ ಅದರಡಿ ಕಸ ಕೂತಿದೆ.

5. ಚೋಕ್ ಹಾಕಿದಾಗ ಮಾತ್ರ ಓಡಿ, ತೆಗೆದರೆ ನಿಂತರೆ ಪೈಲಟ್ ಜೆಟ್ ಕಟ್ಟಿರುವ ಸಂಭವ ಹೆಚ್ಚು. ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ, ಗಾಳಿ ಹೊಡೆದು ತೆಗೆಯಬೇಕು. ತಂತಿ, ಸೂಜಿ ಚುಚ್ಚಬಾರದು. ಹಿತ್ತಾಳೆಯ ತೂತು ದೊಡ್ಡದಾದರೆ ಗಾಡಿ ಜೀವನಪೂರ್ತಿ ಪೆಟ್ರೋಲ್ ಕುಡಿಯುತ್ತದೆ.

6. ಪ್ಲಗ್ ಕಪ್ಪಗೆ ಮಸಿ ಹಿಡಿದಿದ್ದರೆ ಎಥೆನಾಲಿನ ತಪ್ಪಲ್ಲ. ಅದು ದಟ್ಟ ಮಿಶ್ರಣದ ಗುರುತು. ಏರ್ ಫಿಲ್ಟರಿನಲ್ಲಿ ಕರಿಮಣ್ಣಿನ ಧೂಳು ತುಂಬಿದೆಯೇ, ಚೋಕ್ ಪೂರ್ತಿ ಬಿಡುತ್ತಿದೆಯೇ ನೋಡಿ.

ಇಷ್ಟೆಲ್ಲ ಸರಿಯಿದ್ದೂ ತೆಳು ಮಿಶ್ರಣದ ಲಕ್ಷಣ ಉಳಿದರೆ ಮಾತ್ರ ಮಿಶ್ರಣದ ಸ್ಕ್ರೂ ಮುಟ್ಟಬೇಕು. ಅದು ಎಷ್ಟು ಸುತ್ತು ಬಿಚ್ಚಿತ್ತು ಎಂದು ಮೊದಲು ಬರೆದಿಟ್ಟುಕೊಳ್ಳಿ. ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಬಿಗಿ ಮಾಡಿದಾಗ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಇಂಜಿನ್ ಕಡೆಗಿದ್ದರೆ ಸಡಿಲಿಸಿದಾಗ ಹೆಚ್ಚುತ್ತದೆ. ಒಮ್ಮೆಗೆ ಕಾಲು ಸುತ್ತು ಸಾಕು. ಈ ಸ್ಕ್ರೂ ನಿಧಾನದ ಓಟಕ್ಕೆ ಮಾತ್ರ. ರಸ್ತೆಯ ಮೇಲೆ ಜೋರಾಗಿ ಓಡುವಾಗಿನ ತೊಂದರೆಗೆ ಮುಖ್ಯ ಜೆಟ್ಟನ್ನು ಬಲ್ಲ ಮಿಸ್ತ್ರಿಯೇ ನೋಡಬೇಕು.

ಬಹಳ ದಿನ ಗಾಡಿ ನಿಲ್ಲಿಸುವವರು ಕಾಕ್ ಬಂದ್ ಮಾಡಿ, ಬಟ್ಟಲಿನ ಪೆಟ್ರೋಲ್ ಖಾಲಿ ಮಾಡಿ ಹೋದರೆ ಬಂದ ದಿನವೇ ಗಾಡಿ ಚಾಲೂ ಆಗುತ್ತದೆ.

ಪಂಪಿನಲ್ಲಿ ಏನು ಕೇಳಬಹುದು?

ಫಿಲ್ಟರ್ ಕಾಗದದ ಪರೀಕ್ಷೆ, ಪೆಟ್ರೋಲಿನ ಸಾಂದ್ರತೆ, ಐದು ಲೀಟರ್ ಅಳತೆಯ ಪಾತ್ರೆ, ದೂರಿನ ಪುಸ್ತಕ, ರಸೀದಿ ಇವನ್ನು ಯಾವ ಗ್ರಾಹಕನೂ ಕೇಳಬಹುದು. ಒಂದು ವಿಷಯ ತಿಳಿದಿರಲಿ. ಫಿಲ್ಟರ್ ಕಾಗದದಿಂದ ಎಥೆನಾಲ್ ಎಷ್ಟಿದೆ ಎಂದು ಗೊತ್ತಾಗುವುದಿಲ್ಲ. ಅದನ್ನು ಅಂದಾಜು ಮಾಡಲು ಗುರುತು ಹಾಕಿದ ಗಾಜಿನ ಬಾಟಲಿಯಲ್ಲಿ 10 ಮಿ.ಲೀ. ನೀರು, 100 ಮಿ.ಲೀ. ಪೆಟ್ರೋಲ್ ಹಾಕಿ ಅಲುಗಾಡಿಸಿ ಇಟ್ಟರೆ ಎಥೆನಾಲ್ ನೀರಿನೊಂದಿಗೆ ಕೂಡಿ ಕೆಳಗಿನ ಪದರ ಬೆಳೆಯುತ್ತದೆ. ಇ-20 ಆಗಿದ್ದರೆ ಅದು ಸುಮಾರು 30 ಮಿ.ಲೀ. ಹತ್ತಿರ ಬರುತ್ತದೆ. ಇದನ್ನು ನೋಡಿ ಪಂಪಿನವನು ನೀರು ಬೆರೆಸಿದ್ದಾನೆ ಎಂದು ಜಗಳ ತೆಗೆಯುವುದು ತಪ್ಪು. ನೀರು ಹಾಕದೆಯೇ ಬಾಟಲಿಯ ತಳದಲ್ಲಿ ಪದರ ಕಂಡರೆ ಮಾತ್ರ ಜಗಳಕ್ಕೆ ಆಧಾರವಿದೆ. ಆಗ ರಸೀದಿ ಕೈಯಲ್ಲಿರಬೇಕು.

ಕಬ್ಬಿನವನೂ ಅವನೇ, ಗಾಡಿಯವನೂ ಅವನೇ

ನಮ್ಮ ಭಾಗದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಸೋಲಾಪುರ ಸಕ್ಕರೆ ಕಾರ್ಖಾನೆಗಳ ಜಿಲ್ಲೆ. ಗಡಿಯಾಚೆ ವಿಜಯಪುರ, ಬಾಗಲಕೋಟ, ಬೆಳಗಾವಿಯೂ ಅಷ್ಟೇ. ಕಬ್ಬಿನ ರಸದ ಎಥೆನಾಲಿಗೆ 2024-25ರಲ್ಲಿ ಲೀಟರಿಗೆ 65.61 ರೂಪಾಯಿ, ಸಕ್ಕರೆ ಪೂರ್ತಿ ತೆಗೆದ ಕಾಕಂಬಿಯ ಎಥೆನಾಲಿಗೆ 57.97 ರೂಪಾಯಿ ದರ ಸಿಕ್ಕಿತು. ಎಥೆನಾಲಿನ ಹಣ ಕಾರ್ಖಾನೆಗೆ ಬೇಗ ಬಂದರೆ ರೈತನ ಬಾಕಿ ತೀರಿಸಲು ಅನುಕೂಲ. 2025ರ ನವೆಂಬರ್‌ನಲ್ಲಿ ಗುರ್ಲಾಪುರದಲ್ಲಿ ಕಬ್ಬಿನ ದರಕ್ಕಾಗಿ ರೈತರು ರಸ್ತೆಗೆ ಕೂತಾಗಲೂ ಎಥೆನಾಲ್ ಹಂಚಿಕೆಯ ಮಾತು ಬಂತು. ಆದ್ದರಿಂದ ಎಥೆನಾಲನ್ನೇ ನಿಲ್ಲಿಸಿ ಎನ್ನುವುದು ಈ ಭಾಗದ ರೈತನಿಗೆ ತನ್ನ ಹೊಲಕ್ಕೆ ತಾನೇ ಬೆಂಕಿ ಇಟ್ಟಂತೆ.

ಆದರೆ ಲಾಭ ಕಾರ್ಖಾನೆಯ ಲೆಕ್ಕಕ್ಕೆ, ರಿಪೇರಿ ರೈತನ ಲೆಕ್ಕಕ್ಕೆ ಎನ್ನುವುದು ನ್ಯಾಯವಲ್ಲ. ಶಕ್ತಿ ಕಡಿಮೆಯಿರುವ ಪೆಟ್ರೋಲಿಗೆ ದರ ಕಡಿಮೆಯಾಗಿಲ್ಲ. ಎಥೆನಾಲಿನ ಖರೀದಿ ದರವೇ ಪೆಟ್ರೋಲಿಗಿಂತ ಹೆಚ್ಚಾಗಿದೆ ಎಂಬುದು ಸರಕಾರದ ಉತ್ತರ. ಅದು ನಿಜವೇ ಇರಲಿ. ಹಾಗಾದರೂ ಮೂರು ಕೆಲಸ ಆಗಬಹುದು. ಪ್ರತಿ ಪಂಪಿನಲ್ಲೂ ಮಿಶ್ರಣದ ಪ್ರಮಾಣವನ್ನು ಮರಾಠಿ, ಕನ್ನಡ ಎರಡರಲ್ಲೂ ದೊಡ್ಡದಾಗಿ ಬರೆಯಬೇಕು. ಹಳೆಯ ಗಾಡಿಗಳಿಗೆ ಇ-20 ತಾಳುವ ರಬ್ಬರ್ ಕಿಟ್ಟನ್ನು ಕಂಪನಿಗಳು ತಾಲೂಕು ಮಟ್ಟದಲ್ಲಿ ಕಡಿಮೆ ದರಕ್ಕೆ ಕೊಡಬೇಕು. ಹಳ್ಳಿಯ ಮಿಸ್ತ್ರಿಗಳಿಗೆ ತರಬೇತಿ ಸಿಗಬೇಕು. ಶೇ. 20ನ್ನೂ ದಾಟುವ ಮಾತು ನಡೆದಿರುವಾಗ ಇವು ಅದಕ್ಕಿಂತ ಮೊದಲೇ ಆಗಬೇಕಾದ ಕೆಲಸಗಳು.

ಅಲ್ಲಿಯವರೆಗೆ ಗಾಡಿ ನಮ್ಮದು, ಕಾಳಜಿಯೂ ನಮ್ಮದೇ. ಮುಂದಿನ ಮಳೆಗೆ ಮುಂಚೆ ಮುಚ್ಚಳದ ರಬ್ಬರ್, ಪೆಟ್ರೋಲ್ ಪೈಪು, ಫ್ಲೋಟ್ ಸೂಜಿ ಈ ಮೂರನ್ನು ಬದಲಿಸಿ, ಟ್ಯಾಂಕು ಒಮ್ಮೆ ತೊಳೆಸಿ. ಆಮೇಲೂ ಗಾಡಿ ನಿಂತರೆ ಬಟ್ಟಲಿನ ಎಣ್ಣೆಯನ್ನು ಗಾಜಿನ ಬಾಟಲಿಯಲ್ಲಿ ಹಿಡಿದು, ಅದನ್ನೂ ರಸೀದಿಯನ್ನೂ ಪಂಪಿಗೆ ಒಯ್ಯಿರಿ. ಬರೀ ಬಾಯಿಮಾತಿನ ದೂರಿಗಿಂತ ಆ ಬಾಟಲಿಗೆ ಬೆಲೆ ಹೆಚ್ಚು.