ಗಲ್ಲಿನ ಕೂಗು ಸಾಕು, ನೊಂದವರ ಹಕ್ಕು ಬೇಕು



2000ನೇ ಇಸವಿಯ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿಹಾಕಿ ಜೀವಂತ ಸುಟ್ಟರು. ನಾಡೆಲ್ಲ ಕುದಿಯಿತು, ದಲಿತ ಸಂಘಟನೆಗಳು ಬೀದಿಗಿಳಿದವು. ಆದರೆ ವಿಚಾರಣೆ ನಡೆಯುವ ಹೊತ್ತಿಗೆ ಸಾಕ್ಷಿಗಳು ತಿರುಗಿಬಿದ್ದಿದ್ದರು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಏಳು ಜೀವ ಹೋದವು, ಒಬ್ಬರಿಗೂ ಶಿಕ್ಷೆಯಾಗಲಿಲ್ಲ.

ಆಗ ಕಾನೂನಿನಲ್ಲಿ ಕೊಲೆಗೆ ಗಲ್ಲುಶಿಕ್ಷೆ ಇರಲಿಲ್ಲವೇ? ಇತ್ತು. ಜೀವಾವಧಿ ಇತ್ತು. 1989ರ ದೌರ್ಜನ್ಯ ತಡೆ ಕಾಯ್ದೆಯೂ ಇತ್ತು. ಶಿಕ್ಷೆಗೆ ಕೊರತೆ ಇರಲಿಲ್ಲ. ಸಾಕ್ಷಿ ಹೇಳುವವರ ಬೆನ್ನಿಗೆ ನಿಲ್ಲುವ ವ್ಯವಸ್ಥೆಯೊಂದೇ ಇರಲಿಲ್ಲ. ಯಾರ ಹೊಲದಲ್ಲಿ ಕೂಲಿ ಸಿಗಬೇಕೋ, ಯಾರ ಅಂಗಡಿಯಲ್ಲಿ ಸಾಲ ಸಿಗಬೇಕೋ, ಅಂಥವರ ಎದುರು ಕಟಕಟೆ ಹತ್ತಿ ಬಾಯಿಬಿಡು ಎಂದು ಬಡವರಿಗೆ ಹೇಳುವುದು ಸುಲಭ. ಸಂಜೆ ಅದೇ ಊರಿಗೆ ಒಬ್ಬರೇ ಮರಳಬೇಕಾದವರು ಅವರು.

ಅತ್ಯಾಚಾರವೋ ಕೊಲೆಯೋ ನಡೆದಾಗಲೆಲ್ಲ ನಾವು ಮೇಣದಬತ್ತಿ ಹಿಡಿದು ‘ಗಲ್ಲಿಗೇರಿಸಿ’ ಎನ್ನುತ್ತೇವೆ. ಆ ಸಿಟ್ಟು ಸಹಜ, ಆ ಸಿಟ್ಟಿಲ್ಲದ ಸಮಾಜ ಸತ್ತ ಸಮಾಜ. ಆದರೂ ಈ ಕರಪತ್ರದ ಮೂಲಕ ಒಂದು ಮಾತನ್ನು ಒತ್ತಿ ಹೇಳಲು ಬಂದಿದ್ದೇವೆ. ಶಿಕ್ಷೆ ಎಷ್ಟು ಘೋರವಾಗಿರಬೇಕು ಎಂಬ ಚರ್ಚೆಯಲ್ಲೇ ನಮ್ಮ ಶಕ್ತಿಯೆಲ್ಲ ವ್ಯಯವಾಗುತ್ತಿದೆ. ನೊಂದವರಿಗೆ ಕೇಸಿನ ಮಾಹಿತಿ ಸಿಗಬೇಕು, ಅವರ ಮಾತಿಗೆ ನ್ಯಾಯಾಲಯದಲ್ಲಿ ಜಾಗ ಸಿಗಬೇಕು, ರಕ್ಷಣೆ ಸಿಗಬೇಕು, ಬದುಕು ಮತ್ತೆ ಕಟ್ಟಿಕೊಳ್ಳಲು ಹಣ ಸಿಗಬೇಕು. ಇವು ಸಿಗದ ಕಡೆ ಎಂಥ ಕಠಿಣ ಶಿಕ್ಷೆಯೂ ಕಾಗದದಲ್ಲೇ ಉಳಿಯುತ್ತದೆ.

2012ರ ಡಿಸೆಂಬರ್ 16ರ ದೆಹಲಿ ಅತ್ಯಾಚಾರ ಪ್ರಕರಣವನ್ನು ನೆನಪಿಸಿಕೊಳ್ಳಿ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 29 ದಿನಗಳಲ್ಲಿ ವರದಿ ಕೊಟ್ಟಿತು. ಪೊಲೀಸರ ಹೊಣೆ, ಸಂತ್ರಸ್ತೆಯ ಚಿಕಿತ್ಸೆ, ತನಿಖೆಯ ರೀತಿ ಇವುಗಳ ಬಗ್ಗೆ ವಿವರವಾಗಿ ಬರೆದ ಆ ಸಮಿತಿ ಅತ್ಯಾಚಾರಕ್ಕೆ ಗಲ್ಲು ಬೇಡ ಎಂದಿತ್ತು. ಆದರೂ ಸಂಸತ್ತು ಕೆಲವು ಪ್ರಕರಣಗಳಿಗೆ ಗಲ್ಲನ್ನು ಸೇರಿಸಿತು. ದೆಹಲಿ ಪ್ರಕರಣದ ಅಪರಾಧಿಗಳಿಗೆ ಗಲ್ಲು ಜಾರಿಯಾದದ್ದು 2020ರ ಮಾರ್ಚ್ 20ರಂದು, ಮೂರು ಸಲ ದಿನಾಂಕ ಮುಂದೂಡಿದ ಮೇಲೆ. ಇಡೀ ದೇಶ ಕಣ್ಣಿಟ್ಟಿದ್ದ ಕೇಸಿನಲ್ಲೇ ಸಂತ್ರಸ್ತೆಯ ತಂದೆ ತಾಯಿ ಏಳು ವರ್ಷ ಕೋರ್ಟಿಗೆ ಅಲೆದರು. ಕ್ಯಾಮೆರಾ ಬಾರದ ಸಿಂದಗಿಯ, ಸಿರಾದ, ಸಿರುಗುಪ್ಪದ ಕುಟುಂಬದ ಪಾಡೇನು?

ಕೇಸು ದಾಖಲಾದ ಕ್ಷಣದಿಂದ ಅದು ಸರ್ಕಾರದ ಕೇಸು. ಮೊದಲ ವಾರ ಎಲ್ಲರಿಗೂ ನೊಂದವರು ಬೇಕು. ಹೇಳಿಕೆ, ಮಹಜರು, ವೈದ್ಯಕೀಯ ಪರೀಕ್ಷೆ, ಮತ್ತೆ ಹೇಳಿಕೆ. ಆಮೇಲೆ ಯಾರ ಸುಳಿವೂ ಇಲ್ಲ. ಆರೋಪಿಗೆ ಜಾಮೀನು ಸಿಕ್ಕಿದೆ ಎಂಬುದು ಅವನು ಊರ ಬಸ್‌ಸ್ಟ್ಯಾಂಡಿನಲ್ಲಿ ಎದುರಾದಾಗಲೇ ಗೊತ್ತಾಗುತ್ತದೆ. ಚಾರ್ಜ್‌ಶೀಟ್ ಹಾಕಿದರೋ ಕೇಸು ಮುಚ್ಚುವ ಬಿ ರಿಪೋರ್ಟ್ ಹಾಕಿ ಕೈತೊಳೆದುಕೊಂಡರೋ ತಿಳಿಯುವುದಿಲ್ಲ. ಎಷ್ಟೋ ವರ್ಷದ ಮೇಲೆ ಸಮನ್ಸ್ ಬರುತ್ತದೆ. ಕೂಲಿ ಬಿಟ್ಟು, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಕೋರ್ಟಿಗೆ ಹೋದರೆ ವಾಯಿದೆ. ಆರೋಪಿಯ ಕಡೆಯವರು ಕೂತ ಕಾರಿಡಾರಿನಲ್ಲೇ ಇವರೂ ಕಾಯಬೇಕು. ‘ರಾಜಿ ಮಾಡಿಕೊಂಡುಬಿಡಮ್ಮಾ’ ಎಂಬ ಮಾತು ಅಲ್ಲೇ ಕಿವಿಗೆ ಬೀಳುತ್ತದೆ. ಸರ್ಕಾರಿ ವಕೀಲರ ಕೈಯಲ್ಲಿ ಕಟ್ಟುಗಟ್ಟಲೆ ಕಡತ. ಸಾಕ್ಷಿಯ ಜೊತೆ ಐದು ನಿಮಿಷ ಕೂರಲು ಅವರಿಗೂ ಬಿಡುವಿಲ್ಲ. ಹೀಗೆ ಹಣ್ಣಾದವರು ಕೊನೆಗೆ ಕಟಕಟೆಯಲ್ಲಿ ತಡವರಿಸಿದರೆ, ತಪ್ಪು ಅವರದ್ದು ಎನ್ನಲು ನಮಗೆ ಯಾವ ನೈತಿಕ ಹಕ್ಕಿದೆ?

ಕಾನೂನು ಪೂರ್ತಿ ಕುರುಡಾಗಿಲ್ಲ ಎಂಬುದನ್ನೂ ಹೇಳಬೇಕು. ಈ ದಿಕ್ಕಿನಲ್ಲಿ ಗಟ್ಟಿಯಾಗಿ ಮಾತನಾಡಿದವರಲ್ಲಿ ನಮ್ಮವರೇ ಒಬ್ಬರಿದ್ದರು: ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ. ಅವರ ಅಧ್ಯಕ್ಷತೆಯ ಸಮಿತಿ 2003ರಲ್ಲಿ ಕೊಟ್ಟ ವರದಿಯು ನೊಂದವರಿಗೆ ವಿಚಾರಣೆಯಲ್ಲಿ ಭಾಗವಹಿಸುವ ಹಕ್ಕು ಇರಬೇಕು, ಪರಿಹಾರ ಸರ್ಕಾರದ ಹೊಣೆಯಾಗಬೇಕು ಎಂದಿತು. ಆರೋಪ ಸಾಬೀತಿನ ಮಟ್ಟವನ್ನು ತಗ್ಗಿಸಬೇಕೆಂಬ ಅದೇ ವರದಿಯ ಸಲಹೆಯನ್ನು ನಾವು ಒಪ್ಪುವುದಿಲ್ಲ. ಆದರೆ ಸಂತ್ರಸ್ತರ ಬಗ್ಗೆ ಆ ಸಮಿತಿ ಹೇಳಿದ್ದರಲ್ಲಿ ಹೆಚ್ಚಿನದು ಇಂದಿಗೂ ನಮ್ಮ ತಾಲ್ಲೂಕು ಕೋರ್ಟುಗಳ ಬಾಗಿಲು ದಾಟಿಲ್ಲ.

2009ರ ಡಿಸೆಂಬರ್ 31ರಿಂದ ಕಾನೂನು ಬದಲಾಯಿತು. ಆರೋಪಿ ಬಿಡುಗಡೆಯಾದರೆ, ಕಡಿಮೆ ಅಪರಾಧಕ್ಕಷ್ಟೇ ಶಿಕ್ಷೆಯಾದರೆ, ಪರಿಹಾರ ಸಾಲದೆ ಹೋದರೆ ಸಂತ್ರಸ್ತರೇ ಮೇಲ್ಮನವಿ ಹಾಕಬಹುದು. ಈ ಹಕ್ಕಿಗೆ ಜೀವ ತುಂಬಿದ ತೀರ್ಪು ಹೊರಟದ್ದು ನಮ್ಮ ಬಾಗಲಕೋಟೆಯ ಕೇಸಿನಿಂದ. 2009ರ ಫೆಬ್ರುವರಿಯ ಒಂದು ರಾತ್ರಿ ಹಲ್ಲೆಗೊಳಗಾದ ವ್ಯಕ್ತಿ, ಕೆಳ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಾಗ ಸುಮ್ಮನಿರಲಿಲ್ಲ. ಘಟನೆ ನಡೆದದ್ದು ತಿದ್ದುಪಡಿಗೆ ಮೊದಲು, ನಿಮ್ಮ ಮೇಲ್ಮನವಿ ನಿಲ್ಲುವುದಿಲ್ಲ ಎಂದಿತು ಹೈಕೋರ್ಟ್. ಅವರು ದೆಹಲಿಯವರೆಗೆ ಹೋದರು. 2018ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟ್ ಬಹುಮತದಿಂದ ಅವರ ಪರ ತೀರ್ಪು ಕೊಟ್ಟಿತು. ಮೇಲ್ಮನವಿಗೆ ಯಾರ ವಿಶೇಷ ಅನುಮತಿಯೂ ಬೇಕಿಲ್ಲ ಎಂದಿತು. ಬಾಗಲಕೋಟೆ ಸೀಮೆಯ ಒಬ್ಬ ವ್ಯಕ್ತಿಯ ಹಠದಿಂದ ಇಡೀ ದೇಶದ ಸಂತ್ರಸ್ತರಿಗೆ ದಾರಿಯಾಯಿತು. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕು, ಶಾಲೆಯಲ್ಲಿ ಮಕ್ಕಳಿಗೂ ಹೇಳಬೇಕು.

2022ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೀರಿ ರೈತರ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಸತ್ತವರ ಕುಟುಂಬದ ಮಾತು ಕೇಳದೆ ಕೊಟ್ಟ ಜಾಮೀನನ್ನು ರದ್ದುಮಾಡಿ, ತನಿಖೆಯ ಹಂತದಿಂದ ಮೇಲ್ಮನವಿಯವರೆಗೆ ಸಂತ್ರಸ್ತರಿಗೆ ತಮ್ಮ ಮಾತು ಹೇಳುವ ಹಕ್ಕಿದೆ ಎಂದಿತು. ಪರಿಶಿಷ್ಟರ ಮೇಲಿನ ದೌರ್ಜನ್ಯ ಪ್ರಕರಣಗಳಲ್ಲಂತೂ 1989ರ ಕಾಯ್ದೆಯ 15ಎ ಕಲಮಿನ ಪ್ರಕಾರ ಜಾಮೀನು ಸೇರಿದಂತೆ ಪ್ರತಿ ವಿಚಾರಣೆಯ ಸೂಚನೆಯನ್ನು ಸಂತ್ರಸ್ತರಿಗೆ ಮುಂಚಿತವಾಗಿ ಕೊಡಲೇಬೇಕು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕೆಲವು ಹೊಸ ಮಾತುಗಳಿವೆ. ಯಾವ ಠಾಣೆಯ ಗಡಿ ಎಂದು ನೋಡದೆ ದೂರು ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿಯನ್ನು ಸಂತ್ರಸ್ತರಿಗೆ ಉಚಿತವಾಗಿ ಕೊಡಬೇಕು. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನಗಳೊಳಗೆ ಪೊಲೀಸರೇ ತಿಳಿಸಬೇಕು. ಸಂತ್ರಸ್ತರ ಮಾತು ಕೇಳದೆ ಕೇಸು ಹಿಂಪಡೆಯಲು ನ್ಯಾಯಾಲಯ ಒಪ್ಪುವಂತಿಲ್ಲ. ಈ ಕೊನೆಯದು ಬಹಳ ದೊಡ್ಡದು. ಸರ್ಕಾರ ಬದಲಾದಾಗಲೆಲ್ಲ ತಮ್ಮವರ ಮೇಲಿನ ಕೇಸುಗಳನ್ನು ವಾಪಸ್ ಪಡೆಯುವ ಚಾಳಿ ಎಲ್ಲ ಪಕ್ಷಗಳಿಗೂ ಇದೆ. ಗಲಭೆಯಲ್ಲಿ ತಲೆ ಒಡೆಸಿಕೊಂಡವನನ್ನು ಇಷ್ಟು ದಿನ ಯಾರೂ ಕೇಳುತ್ತಿರಲಿಲ್ಲ. ಈಗ ಕೇಳಲೇಬೇಕು.

ಇನ್ನು ದುಡ್ಡಿನ ಮಾತು. ದುಡ್ಡಿನ ಮಾತೆತ್ತಿದರೆ ನೋವಿಗೆ ಬೆಲೆ ಕಟ್ಟಿದ ಹಾಗೆ ಎಂದು ಹಿಂಜರಿಯುವವರಿದ್ದಾರೆ. ಲಾರಿ ಗುದ್ದಿ ಮನೆಯ ಯಜಮಾನ ಸತ್ತರೆ ಕುಟುಂಬಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿ ಇದೆ, ವಿಮೆ ಇದೆ, ವಯಸ್ಸು ಮತ್ತು ದುಡಿಮೆ ನೋಡಿ ಲೆಕ್ಕಹಾಕುವ ಕ್ರಮವಿದೆ. ಅದೇ ಯಜಮಾನನನ್ನು ಯಾರೋ ಮಚ್ಚಿನಿಂದ ಕೊಚ್ಚಿ ಕೊಂದರೆ? ಆ ಹೆಂಡತಿಗೂ ಬಾಡಿಗೆ ಕಟ್ಟಬೇಕು, ಮಕ್ಕಳಿಗೂ ಶಾಲೆಯ ಶುಲ್ಕ ಬೇಕು. ಆದರೆ ಪರಿಹಾರ ಕೇಳಬಹುದು ಎಂದು ಅವಳಿಗೆ ಹೇಳುವವರೇ ಇರುವುದಿಲ್ಲ.

ಕೇಳಬಹುದು. ಕರ್ನಾಟಕದಲ್ಲಿ 2011ರ ಸಂತ್ರಸ್ತರ ಪರಿಹಾರ ಯೋಜನೆ ಇದೆ. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ, ಅಂದರೆ ನಿಮ್ಮ ಜಿಲ್ಲಾ ನ್ಯಾಯಾಲಯದ ಆವರಣಕ್ಕೇ. ಆರೋಪಿಗೆ ಶಿಕ್ಷೆಯಾಗಲಿ ಎಂದು ಕಾಯಬೇಕಿಲ್ಲ. ಅಪರಾಧಿ ಸಿಕ್ಕದಿದ್ದರೂ, ಅವನಾರೆಂದು ಪತ್ತೆಯಾಗದಿದ್ದರೂ, ಕೇಸು ಬಿದ್ದುಹೋದರೂ ಪರಿಹಾರ ಕೇಳಲು ಅವಕಾಶವಿದೆ. ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಿ ತೀರ್ಮಾನಿಸಬೇಕು. ತುರ್ತು ಇದ್ದರೆ ಮಧ್ಯಂತರ ಪರಿಹಾರವೂ ಉಂಟು. ಆಸಿಡ್ ದಾಳಿಗೆ ಕನಿಷ್ಠ 3 ಲಕ್ಷ ರೂಪಾಯಿ ಕೊಡಬೇಕು, ಅದರಲ್ಲಿ 1 ಲಕ್ಷ 15 ದಿನಗಳೊಳಗೆ ಕೈ ಸೇರಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಆದೇಶಿಸಿದೆ. ಮಹಿಳೆಯರಿಗಾಗಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2018ರಲ್ಲಿ ರೂಪಿಸಿ ಸುಪ್ರೀಂ ಕೋರ್ಟ್ ಒಪ್ಪಿದ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ ಎಂದಿದೆ. ಅತ್ಯಾಚಾರ ಮತ್ತು ಆಸಿಡ್ ದಾಳಿಗೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಯೂ ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕು. ಕೊಡದಿದ್ದರೆ ಹೊಣೆಗಾರರಿಗೆ ಒಂದು ವರ್ಷದವರೆಗೆ ಜೈಲು. ಮೊದಲು ದುಡ್ಡು ಕಟ್ಟಿ ಎಂದು ಕೌಂಟರಿನಲ್ಲಿ ಹೇಳಿದರೆ ಈ ಮಾತನ್ನು ಗಟ್ಟಿಯಾಗಿ ಹೇಳಿ.

ಸಣ್ಣ ಕೇಸುಗಳ ನೋವನ್ನೂ ಮರೆಯಬಾರದು. ಮಗಳ ಮದುವೆಗೆಂದು ಕೂಡಿಟ್ಟ ಒಡವೆ ಕಳುವಾಗಿ, ಪೊಲೀಸರು ಪತ್ತೆ ಮಾಡಿದ ಮೇಲೂ ಅದು ಮುದ್ದೆಮಾಲು ಎಂಬ ಹೆಸರಲ್ಲಿ ವರ್ಷಗಟ್ಟಲೆ ಕೋರ್ಟಿನ ಕೋಣೆಯಲ್ಲಿ ಬಿದ್ದಿರುತ್ತದೆ. ಫೋಟೊ, ವಿಡಿಯೊ ಮಾಡಿಕೊಂಡು ಬೇಗ ವಿಲೇವಾರಿ ಮಾಡಬೇಕು ಎಂದು ಹೊಸ ಸಂಹಿತೆ ಹೇಳುತ್ತದೆ. ಅದಕ್ಕೊಂದು ಅರ್ಜಿ ಸಾಕು.

ಸಂತ್ರಸ್ತರ ಪರ ಎಂದರೆ ಆರೋಪಿಯ ಹಕ್ಕುಗಳ ವಿರುದ್ಧ ಎಂದು ತಿಳಿಯುವವರಿಗೆ ಒಂದು ಮಾತು. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆಯ ಪ್ರಕರಣದಲ್ಲಿ ಅಪರಾಧಿಗೆ ಗಲ್ಲು ವಿಧಿಸಲಾಗಿತ್ತು, ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿತ್ತು. ಆದರೆ ಬೆಳಗಾವಿ ಜೈಲಿನಲ್ಲಿ ಅವನನ್ನು ಕಾನೂನುಬಾಹಿರವಾಗಿ ವರ್ಷಗಟ್ಟಲೆ ಏಕಾಂತ ಸೆರೆಯಲ್ಲಿಟ್ಟರು. ಆ ಕಾರಣಕ್ಕಾಗಿಯೇ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ಕನಿಷ್ಠ 30 ವರ್ಷ ಸೆರೆಯಲ್ಲಿರಬೇಕಾದ ಜೀವಾವಧಿ ಶಿಕ್ಷೆಗೆ ಇಳಿಸಿತು. ಕಾನೂನು ಮುರಿದದ್ದು ಸರ್ಕಾರಿ ವ್ಯವಸ್ಥೆ. ಘಟನೆ ನಡೆದು 24 ವರ್ಷವಾದ ಮೇಲೂ ಕೇಸಿನ ಭಾರ ಹೊತ್ತದ್ದು ಸತ್ತವರ ಮನೆಯವರು. ಠಾಣೆಯಲ್ಲಿ ಹೊಡೆದು ಪಡೆದ ಹೇಳಿಕೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಎನ್‌ಕೌಂಟರಿನಲ್ಲಿ ಸತ್ತವನೇ ನಿಜವಾದ ಅಪರಾಧಿಯೋ ಅಲ್ಲವೋ ಎಂಬುದು ಎಂದೂ ಸಾಬೀತಾಗುವುದಿಲ್ಲ. ನ್ಯಾಯಯುತ ವಿಚಾರಣೆ ಆರೋಪಿಗೆ ಎಷ್ಟು ಬೇಕೋ ನೊಂದವರಿಗೂ ಅಷ್ಟೇ ಬೇಕು.

ಕಂಬಾಲಪಲ್ಲಿಯಂತೆ ಆಗದ ಊರೂ ನಮ್ಮಲ್ಲಿದೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದಾಳಿಯ ಕೇಸಿನಲ್ಲಿ, 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಇದಕ್ಕೆ ಹತ್ತು ವರ್ಷ ಹಿಡಿಯಿತು. ಮುಂದಿನ ತಿಂಗಳೇ ಅವರಲ್ಲಿ ಬಹುತೇಕರಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಮೇಲ್ಮನವಿ ಹಾಕಿದವರು ಜಾಮೀನು ಕೇಳುವುದು ಕಾನೂನಿನ ದಾರಿ, ಅದಕ್ಕೆ ನಮ್ಮ ತಕರಾರಿಲ್ಲ. ಧೈರ್ಯವಾಗಿ ಸಾಕ್ಷಿ ಹೇಳಿದವರ ಮನೆ ಮುಂದೆ ಈಗ ಯಾರಿದ್ದಾರೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಆದ್ದರಿಂದ ರಾಜ್ಯ ಸರ್ಕಾರದ ಮುಂದೆ ನಮ್ಮ ಬೇಡಿಕೆ ಇಷ್ಟು. ಹೆಲ್ಮೆಟ್ ಹಾಕದವರಿಗೆ ದಂಡದ ಸಂದೇಶ ಮೊಬೈಲಿಗೆ ಕಳಿಸಬಲ್ಲ ಸರ್ಕಾರ, ಜಾಮೀನು ಅರ್ಜಿಯ, ವಿಚಾರಣೆಯ, ಬಿಡುಗಡೆಯ ದಿನಾಂಕವನ್ನು ಸಂತ್ರಸ್ತರ ಮೊಬೈಲಿಗೆ ಕನ್ನಡದಲ್ಲಿ ಕಳಿಸಲಿ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆಗೆ ಪ್ರತಿ ಜಿಲ್ಲೆಯಲ್ಲಿ ಸಿಬ್ಬಂದಿ ಮತ್ತು ಬಜೆಟ್ ಕೊಡಲಿ. ಪರಿಹಾರ ನಿಧಿಯನ್ನು ಬರಿದಾಗಲು ಬಿಡದಿರಲಿ. ಪ್ರತಿ ಠಾಣೆಯ ಗೋಡೆಯ ಮೇಲೆ ಪರಿಹಾರ ಯೋಜನೆಯ ವಿವರ ಬರೆಸಲಿ, ಎಫ್‌ಐಆರ್ ಪ್ರತಿಯ ಜೊತೆಗೇ ಅರ್ಜಿ ನಮೂನೆ ಕೊಡಲಿ. ಇವುಗಳಲ್ಲಿ ಒಂದಕ್ಕೂ ಹೊಸ ಕಾಯ್ದೆ ಬೇಕಿಲ್ಲ.

ಓದುಗರಲ್ಲಿ ನಮ್ಮ ಮನವಿ: ನಿಮ್ಮ ಬೀದಿಯಲ್ಲಿ ಇಂಥ ಕಷ್ಟಕ್ಕೆ ಸಿಕ್ಕ ಮನೆ ಇದ್ದರೆ ಒಮ್ಮೆ ಹೋಗಿ ವಿಚಾರಿಸಿ. ಎಫ್‌ಐಆರ್ ಪ್ರತಿ ಇದೆಯೇ, ಪರಿಹಾರಕ್ಕೆ ಅರ್ಜಿ ಹಾಕಿದ್ದಾರೆಯೇ ಎಂದು ಕೇಳಿ. ಬಿ ರಿಪೋರ್ಟ್ ಬಂದಿದ್ದರೆ ತಕರಾರು ಅರ್ಜಿ ಹಾಕಬಹುದು ಎಂದು ತಿಳಿಸಿ. ಸಾಕ್ಷಿ ಹೇಳುವ ದಿನ ಅವರ ಜೊತೆ ಕೋರ್ಟಿಗೆ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಕಾನೂನು ಸೇವೆಗಳ ಸಹಾಯವಾಣಿ 15100, ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತಿಗೆ 112. ಈ ಸಂಖ್ಯೆಗಳನ್ನು ಬರೆದಿಟ್ಟುಕೊಂಡು ಕರಪತ್ರವನ್ನು ಮತ್ತೊಬ್ಬರಿಗೆ ಕೊಡಿ.