ಗೊರಕೆಯ ಸಾಕ್ಷಿ ಹೊರಗೇ ಕೂತಿದೆ

ಮಸ್ಕಿಯ ನಮ್ಮ ಮನೆಯಲ್ಲಿ ಅಪ್ಪನ ಗೊರಕೆ ಅಂದ್ರೆ ನಗು. 'ಗಡದ್ದ ನಿದ್ದಿ ಮಾಡಾಕತ್ತಾನ, ಮಲಗ್ಲಿ ಬಿಡ್ರಿ' ಅಂತಾರೆ. ಗಡದ್ದಾಗಿ ಮಲಗಿದವನು ಹಗಲು ಟ್ರ್ಯಾಕ್ಟರ್ ಮೇಲೆ ಯಾಕೆ ತೂಕಡಿಸ್ತಾನೆ? ನಿದ್ದೆಯಲ್ಲಿ ಗಂಟಲು ಮುಚ್ಚಿ 10 ಸೆಕೆಂಡಾದರೂ ಉಸಿರು ನಿಲ್ಲೋದು, ಅದೂ ಗಂಟೆಗೆ 5 ಸಲವೋ ಹೆಚ್ಚೋ ಆದರೆ, ಸ್ಲೀಪ್ ಅಪ್ನಿಯಾ. ಬಿಪಿಗೂ ಅದಕ್ಕೂ ನಂಟಿದೆ. ಪರೀಕ್ಷೆಯೂ ಇದೆ, ಸಿಪ್ಯಾಪ್ ಯಂತ್ರವೂ ಇದೆ.

ಆದರೆ ಹೇಳಬೇಕಲ್ಲ! ಸಿಂಧನೂರಿಗೆ ಬಿಪಿ ತೋರಿಸಲು ಹೋದಾಗ ಅಪ್ಪ ಡಾಕ್ಟರಿಗೆ 'ನಿದ್ದಿ ಚಲೋ ಐತ್ರಿ' ಅಂದ. ಉಸಿರು ನಿಂತದ್ದು ಅವನಿಗೇನು ಗೊತ್ತು? ರಾತ್ರಿಯೆಲ್ಲ ಎದ್ದು ಕೂತು ಕೇಳಿದ ಅವ್ವ ಹೊರಗೆ ಬೆಂಚಿನ ಮೇಲಿದ್ದಳು. ಲಾಗ್ ನೋಡದೆ ಬಗ್ ಹುಡುಕಿದ ಹಾಗೆ ಇದು.

ಸಿಂಧನೂರಿರಲಿ, ಲಿಂಗಸುಗೂರಿರಲಿ, ಅವ್ವನನ್ನೂ ಒಳಗೆ ಕರಕೊಂಡು ಹೋಗ್ರಿ. ಗೊರಕೆ ಮಾತು ಅವಳೇ ಆಡಲಿ.