ನ್ಯೂಯಾರ್ಕ್ ತೋರಿಸೋಣ, ನಮ್ಮ ಕತೆಯನ್ನೂ ಹೇಳೋಣ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ನ್ಯೂಜೆರ್ಸಿಯಲ್ಲಿರುವ ನಾವು ಇದರಲ್ಲಿ ಮೊದಲನೆಯದನ್ನು ಬಹಳ ಶ್ರದ್ಧೆಯಿಂದ ಪಾಲಿಸುತ್ತೇವೆ. ಬೇಸಿಗೆ ರಜೆಯಲ್ಲಿ ಊರಿನಿಂದ ಅಜ್ಜ ಅಜ್ಜಿಯೋ ಚಿಕ್ಕಪ್ಪನ ಸಂಸಾರವೋ ಬಂದರೆ ಒಂದು ಶನಿವಾರ ನ್ಯೂಯಾರ್ಕ್ ನಗರಕ್ಕೆ ಮೀಸಲು. ಬೆಳಗಿನ ಜಾವವೇ ಪುಳಿಯೋಗರೆ, ಮೊಸರನ್ನ ಡಬ್ಬಿ ಸೇರುತ್ತವೆ. ಲಿಬರ್ಟಿ ಪ್ರತಿಮೆ, ಎಂಪೈರ್ ಸ್ಟೇಟ್ ಕಟ್ಟಡ, ಸೆಂಟ್ರಲ್ ಪಾರ್ಕ್, ಟೈಮ್ಸ್ ಸ್ಕ್ವೇರ್ ಎಲ್ಲವೂ ಒಂದೇ ದಿನದಲ್ಲಿ ಮುಗಿಯಬೇಕು. ರಾತ್ರಿ ಮನೆ ಸೇರುವಾಗ ಫೋನಿನ ತುಂಬ ಫೋಟೋ, ಕಾಲಿನ ತುಂಬ ನೋವು. ಏನು ನೋಡಿದಿರಿ ಎಂದು ಮಕ್ಕಳನ್ನು ಕೇಳಿದರೆ, "ಸ್ಟ್ಯಾಚ್ಯೂ ನೋಡಿದೆವು, ಐಸ್‌ಕ್ರೀಂ ತಿಂದೆವು" ಎನ್ನುತ್ತಾರೆ.

ನಮ್ಮ ಅಭಿಪ್ರಾಯ ಇಷ್ಟೆ: ಆ ದಿನ ನೋಡುವ ಸ್ಥಳಗಳನ್ನು ಕಡಿಮೆ ಮಾಡಿ, ನೋಡಿದ್ದಕ್ಕೂ ತಿಂದದ್ದಕ್ಕೂ ಇರುವ ಸಂಬಂಧವನ್ನು ಮಕ್ಕಳಿಗೆ ಹೇಳಬೇಕು. ಆ ಸಂಬಂಧದಲ್ಲಿ ನಮ್ಮ ಮನೆಗಳ ಕತೆಯೂ ಅಡಗಿದೆ. ಅದನ್ನು ನಾವು ಹೇಳದಿದ್ದರೆ, ಈ ಊರಿನ ಚರಿತ್ರೆ ಬೇರೆ ಯಾರದೋ, ನಾವು ಇಲ್ಲಿಗೆ ಬಂದ ನೆಂಟರು ಎಂದು ತಿಳಿದುಕೊಂಡೇ ಮಕ್ಕಳು ಬೆಳೆಯುತ್ತಾರೆ.

ಪ್ರತಿಮೆಯಿಂದಲೇ ಆರಂಭಿಸೋಣ. ಫ್ರಾನ್ಸಿನ ಜನರ ಈ ಉಡುಗೊರೆ ಉದ್ಘಾಟನೆಯಾದದ್ದು 1886ರ ಅಕ್ಟೋಬರ್ 28ರಂದು. ಇದು ಎಲ್ಲ ಗೈಡುಗಳೂ ಹೇಳುವ ಮಾತು. ನಮ್ಮವರು ನೆನಪಿಡಬೇಕಾದ ತಾರೀಕು ಇನ್ನೊಂದಿದೆ: 1965ರ ಅಕ್ಟೋಬರ್ 3. ಅಂದು ಇದೇ ದ್ವೀಪದಲ್ಲಿ, ಪ್ರತಿಮೆಯ ಕೆಳಗೆ, ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ವಲಸೆ ಕಾಯಿದೆಗೆ ಸಹಿ ಹಾಕಿದರು. ಅದಕ್ಕೆ ಮುಂಚೆ ಭಾರತೀಯರಿಗೆ ಈ ದೇಶದ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. 1917ರ ಕಾಯಿದೆ ಏಷ್ಯಾದ ಬಹುಭಾಗದ ಜನರನ್ನು ತಡೆದಿತ್ತು. 1946ರಲ್ಲಿ ಬಾಗಿಲು ಸ್ವಲ್ಪ ಸರಿದಾಗಲೂ ಭಾರತಕ್ಕೆ ಸಿಕ್ಕಿದ್ದು ವರ್ಷಕ್ಕೆ ಸುಮಾರು 100 ಜನರ ಕೋಟಾ. 1965ರ ನಂತರವೇ ಡಾಕ್ಟರುಗಳು, ಎಂಜಿನಿಯರುಗಳು, ಅವರ ಹಿಂದೆ ಅಣ್ಣತಮ್ಮಂದಿರು, ಅಪ್ಪಅಮ್ಮಂದಿರು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದರು. ನಮ್ಮ ಶಾಲೆಯ ಹಾಜರಿ ಪುಸ್ತಕ ಇಷ್ಟು ದಪ್ಪ ಇರುವುದಕ್ಕೆ ಆ ಸಹಿಯೂ ಒಂದು ಕಾರಣ. ಪ್ರತಿಮೆಯ ಬುಡದಲ್ಲಿ ನಿಂತು ಮಕ್ಕಳಿಗೆ ಇದನ್ನು ಹೇಳಲು ಎರಡು ನಿಮಿಷ ಸಾಕು.

ಅದೇ ಟಿಕೆಟ್ಟಿನಲ್ಲಿ ಫೆರ್ರಿ ಎಲಿಸ್ ದ್ವೀಪಕ್ಕೂ ಹೋಗುತ್ತದೆ. ಹೊತ್ತಾಯಿತು ಎಂದು ನಮ್ಮವರಲ್ಲಿ ಹಲವರು ಅಲ್ಲಿ ಇಳಿಯುವುದಿಲ್ಲ. ದಯವಿಟ್ಟು ಇಳಿಯಿರಿ. 1892ರಿಂದ 1954ರವರೆಗೆ ಇಲ್ಲಿ 1 ಕೋಟಿ 20 ಲಕ್ಷಕ್ಕೂ ಹೆಚ್ಚು ವಲಸಿಗರ ತಪಾಸಣೆ ನಡೆಯಿತು. ವೈದ್ಯರು ಕಣ್ಣಿನ ರೆಪ್ಪೆ ಮಡಿಚಿ ನೋಡುತ್ತಿದ್ದರು, ಅನುಮಾನ ಬಂದವರ ಕೋಟಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದರು. ವೀಸಾಕ್ಕಾಗಿ ಸಾಲಿನಲ್ಲಿ ನಿಂತ ಅನುಭವವಿರುವ ತಂದೆತಾಯಿಗಳಿಗೆ ಆ ದೊಡ್ಡ ಹಾಲಿನ ಬೆಂಚುಗಳು ಬೇಗ ಅರ್ಥವಾಗುತ್ತವೆ. ಇಲ್ಲಿ ಇಳಿದವರೆಲ್ಲ ಯುರೋಪಿನವರು ಎಂದುಕೊಳ್ಳಬೇಡಿ. ಬಂಗಾಳದ ಹೂಗ್ಲಿ ಕಡೆಯ ಕಸೂತಿ ಬಟ್ಟೆ ವ್ಯಾಪಾರಿಗಳೂ ಈ ದಾರಿಯಲ್ಲಿ ಬಂದು, ನಮ್ಮ ನ್ಯೂಜೆರ್ಸಿಯ ಆಸ್ಬರಿ ಪಾರ್ಕ್, ಅಟ್ಲಾಂಟಿಕ್ ಸಿಟಿ ಕಡಲತೀರಗಳಲ್ಲಿ ಮಾಲು ಮಾರುತ್ತಿದ್ದರು. ಮಕ್ಕಳಿಗೆ ಖುಷಿ ಕೊಡುವ ಇನ್ನೊಂದು ಸಂಗತಿ: ಈ ದ್ವೀಪದ ಬಹುಭಾಗ ನ್ಯೂಜೆರ್ಸಿಗೆ ಸೇರಿದ್ದೆಂದು 1998ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ!

ಇನ್ನು ಊಟದ ವಿಷಯ. ವಲಸೆ ಬಂದವರ ಪೆಟ್ಟಿಗೆಯಲ್ಲಿ ಬಟ್ಟೆಬರೆ ಹೆಚ್ಚಿರಲಿಲ್ಲ. ಕೈಯಲ್ಲಿ ಅಡುಗೆ ಇತ್ತು. ಇಟಲಿಯಿಂದ ಬಂದ ಜೆನಾರೊ ಲೊಂಬಾರ್ಡಿ ಸ್ಪ್ರಿಂಗ್ ಸ್ಟ್ರೀಟಿನಲ್ಲಿ 1905ರಲ್ಲಿ ಆರಂಭಿಸಿದ ಪಿಜ್ಜಾ ಅಂಗಡಿಗೆ ಅಮೆರಿಕದ ಮೊದಲನೆಯದೆಂಬ ಹೆಸರಿದೆ. ಬೇಗಲ್ ತಂದವರು ಪೂರ್ವ ಯುರೋಪಿನ ಯಹೂದಿಗಳು. ನಮ್ಮವರು ಮಾಡಿದ್ದೂ ಇದನ್ನೇ ಅಲ್ಲವೇ? ಉಡುಪಿ ಕಡೆಯಿಂದ ಹೊರಟವರು ಬೊಂಬಾಯಿ, ಮದ್ರಾಸುಗಳಲ್ಲಿ ಹೋಟೆಲು ತೆರೆದರು. ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ. ಊರು ಬಿಟ್ಟವರು ಬಾಳೆಲೆಯ ಮೇಲೆ ಊರನ್ನು ಬಡಿಸಿದರು. ಆದ್ದರಿಂದ ಮನೆಯ ಡಬ್ಬಿ ಹಿರಿಯರಿಗಾಗಿ ಇರಲಿ, ಆದರೆ ಆ ದಿನ ಒಂದಾದರೂ ತಿನಿಸನ್ನು ಬೀದಿಯಲ್ಲಿ ಕೊಂಡು ತಿನ್ನಿ. ಮಾಂಸ ಹಾಕದ ಪಿಜ್ಜಾ, ಬೇಗಲ್ ಸಿಗದ ಬೀದಿ ಈ ಊರಿನಲ್ಲಿ ಅಪರೂಪ. ತಿನ್ನುತ್ತಾ, ಇದು ಯಾರ ಅಡುಗೆಮನೆಯಿಂದ ಬಂತು ಎಂದು ಮಕ್ಕಳನ್ನು ಕೇಳಿ. ಶಾಲೆಯಲ್ಲಿ ತನ್ನ ತಿಂಡಿ ಡಬ್ಬಿ ತೆರೆಯಲು ಸಂಕೋಚಪಡುವ ಮಗುವಿಗೆ, ಪಿಜ್ಜಾ ಕೂಡ ಒಂದು ಕಾಲಕ್ಕೆ ಪರದೇಶದವರ ತಿಂಡಿಯಾಗಿತ್ತು ಎಂದು ತಿಳಿದರೆ ಧೈರ್ಯ ಬರುತ್ತದೆ.

ಮಧ್ಯಾಹ್ನದ ಮೇಲೆ ಫ್ಲಶಿಂಗ್‌ಗೆ ಹೋಗಿ. ಬೌನ್ ಸ್ಟ್ರೀಟಿನ ಗಣೇಶ ದೇವಸ್ಥಾನ ನಮಗೆಲ್ಲ ಗೊತ್ತು. ಅದರ ಸಂಸ್ಥೆ 1970ರಲ್ಲಿ ಹುಟ್ಟಿತು, ಕುಂಭಾಭಿಷೇಕ ನಡೆದದ್ದು 1977ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನ. 2022ರಲ್ಲಿ ದೇವಸ್ಥಾನದ ಮುಂದಿನ ರಸ್ತೆಗೆ ಗಣೇಶ್ ಟೆಂಪಲ್ ಸ್ಟ್ರೀಟ್ ಎಂಬ ಹೆಸರೂ ಸೇರಿತು. ಕೆಳಗಿನ ಕ್ಯಾಂಟೀನಿನ ದೋಸೆ ಬಗ್ಗೆ ನಾವು ಹೇಳಬೇಕಾಗಿಲ್ಲ. ಆದರೆ ಬೌನ್ ಎಂದರೆ ಯಾರು ಎಂದು ಎಷ್ಟು ಜನ ಕೇಳಿದ್ದೇವೆ? ನ್ಯೂಯಾರ್ಕ್ ಇನ್ನೂ ಡಚ್ಚರ ವಸಾಹತಾಗಿದ್ದಾಗ ಗವರ್ನರ್ ಸ್ಟೈವೆಸೆಂಟ್ ಕ್ವೇಕರ್ ಪಂಥದವರ ಪ್ರಾರ್ಥನೆಯನ್ನು ನಿಷೇಧಿಸಿದ. 1657ರ ಡಿಸೆಂಬರ್ 27ರಂದು ಫ್ಲಶಿಂಗ್‌ನ 30 ಜನ ಇದನ್ನು ವಿರೋಧಿಸಿ ಮನವಿ ಬರೆದು ಸಹಿ ಹಾಕಿದರು. ಅವರು ಯಾರೂ ಕ್ವೇಕರರಾಗಿರಲಿಲ್ಲ. ಬೇರೆಯವರ ದೇವರಿಗಾಗಿ ಜೈಲಿಗೆ ಹೋಗಲೂ ತಯಾರಾದವರು. ಮುಂದೆ 1662ರಲ್ಲಿ ಜಾನ್ ಬೌನ್ ತನ್ನ ಮನೆಯಲ್ಲಿ ಕ್ವೇಕರರಿಗೆ ಸಭೆ ಸೇರಲು ಬಿಟ್ಟು ಸೆರೆಯಾದ, ಗಡೀಪಾರಾದ. ಹಾಲೆಂಡಿನಲ್ಲಿ ಕಂಪನಿಯ ಮುಂದೆ ವಾದಿಸಿ ಗೆದ್ದು ಮರಳಿ ಬಂದ. ಅವನ ಮನೆ ಅದೇ ಬೀದಿಯಲ್ಲಿ ಇಂದಿಗೂ ನಿಂತಿದೆ. ಆ ಬೀದಿಯಲ್ಲೇ ನಮ್ಮ ಗಣಪತಿಗೆ ಗಂಟೆ ಬಾರಿಸುತ್ತದೆ ಎಂಬುದನ್ನು ದೋಸೆ ಬರುವ ತನಕ ಮಕ್ಕಳಿಗೆ ಹೇಳಬಹುದು.

"ಅಷ್ಟು ದೂರದಿಂದ ಬಂದವರಿಗೆ ಟೈಮ್ಸ್ ಸ್ಕ್ವೇರ್ ತೋರಿಸದಿದ್ದರೆ ಹೇಗೆ? ಮಕ್ಕಳಿಗೆ ರಜೆಯಲ್ಲೂ ಪಾಠವೇ?" ಎಂದು ಕೆಲವರು ಕೇಳಬಹುದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಪಾತ್ ರೈಲಿನಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್‌ಗೆ ಬಂದು, ಬ್ಯಾಟರಿ ಪಾರ್ಕಿನವರೆಗೆ ನಡೆದು ಬೆಳಗಿನ ಫೆರ್ರಿ ಹಿಡಿಯಿರಿ. ಆಮೇಲೆ ಬೌಲಿಂಗ್ ಗ್ರೀನ್‌ನಿಂದ ಗ್ರ್ಯಾಂಡ್ ಸೆಂಟ್ರಲ್, ಅಲ್ಲಿಂದ 7ನೇ ನಂಬರಿನ ರೈಲು ಫ್ಲಶಿಂಗ್‌ವರೆಗೂ ಹೋಗುತ್ತದೆ. ರಾತ್ರಿ ಅದೇ ರೈಲು ನಿಮ್ಮನ್ನು ಟೈಮ್ಸ್ ಸ್ಕ್ವೇರಿಗೆ ತಂದು ಬಿಡುತ್ತದೆ, ದೀಪಗಳನ್ನು ನೋಡಲು ಅದೇ ಸರಿಯಾದ ಹೊತ್ತು. ಎಂಪೈರ್ ಸ್ಟೇಟ್ ಕಟ್ಟಡ ಮುಂದಿನ ಸಲಕ್ಕೆ ಇರಲಿ, ಅದು ಎಲ್ಲಿಗೂ ಓಡಿ ಹೋಗುವುದಿಲ್ಲ. ಪಾಠದ ಮಾತಿಗೆ ಬಂದರೆ, ಪರೀಕ್ಷೆಯಿಲ್ಲದ, ದೋಸೆಯಿರುವ ಪಾಠವನ್ನು ಯಾವ ಮಗುವೂ ಬೇಡ ಎನ್ನುವುದಿಲ್ಲ.

ಮಕ್ಕಳೇ, ನಿಮಗೂ ಒಂದು ಕೆಲಸವಿದೆ. ಆ ದಿನ ಫೆರ್ರಿಯಲ್ಲಿ ಅಜ್ಜಿಯ ಪಕ್ಕ ಕುಳಿತು, ಅವರು ಮೊದಲ ಸಲ ಊರು ಬಿಟ್ಟದ್ದು ಯಾವಾಗ, ಏನೇನು ಕಟ್ಟಿಕೊಂಡು ಹೋದರು ಎಂದು ಕೇಳಿ. ಮದುವೆಯಾಗಿ ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಹೋದದ್ದೂ ವಲಸೆಯೇ. ಅಪ್ಪ ಅಮ್ಮನನ್ನೂ ಕೇಳಿ. ಕೇಳಿದ್ದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಮುಂದಿನ ಸಂಚಿಕೆಗೆ ಕೊಡಿ. ದೇಶ ಸುತ್ತಿದ್ದಾಯಿತು, ಇನ್ನು ಓದಬೇಕಾದ ಕೋಶವನ್ನು ನೀವೇ ಬರೆಯಿರಿ.